ಒಡೆದ ಗಾಜಿನ ಚೀಟಿ

ಗಾಡಿ ಹೋದ ಮೇಲೆ ಗಾಡಿಯ ಸಾಲವೂ ಹೋಯಿತು ಎಂದು ಗಾಜಣ್ಣ ನಂಬಿದ್ದ. ಸುಮ್ಮನೆ ನಂಬಿದ್ದಲ್ಲ; ಎದೆ ತಟ್ಟಿಕೊಂಡು, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ನಂಬಿದ್ದ. ಕೇಳಿ ನಕ್ಕವರೇ ಹೆಚ್ಚು. ನಗುವವರಿಗೇನು, ಅವರಲ್ಲಿ ಯಾರೂ ಗಾಜಿನ ಕೆಲಸ ಕಲಿತವರಲ್ಲ. ಗಾಜಣ್ಣ ಮೋಸಗಾರನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಇಪ್ಪತ್ತೆಂಟು ವರ್ಷ ಊರಿನ ಕಿಟಕಿಗಳಿಗೆ ಗಾಜು ಕೂರಿಸಿದವನು. ಕೂದಲೆಳೆಯಷ್ಟು ಹೆಚ್ಚು ಕೊಯ್ದರೂ ಊಟ ರುಚಿಸದವನು. ಅಂಥವನು ಐದು ತಿಂಗಳು ಕಂತು ಕಟ್ಟದೆ ಹಾಯಾಗಿ ಓಡಾಡಿಕೊಂಡಿದ್ದನೆಂದರೆ ಅದಕ್ಕೊಂದು ಕಾರಣವಿತ್ತು.

ಹನ್ನೆರಡು ವರ್ಷ ಅವನು ಹಳೆಯ ಯಜಮಾನರ ಗಾಜಿನಂಗಡಿಯಲ್ಲಿ ಕೆಲಸ ಮಾಡಿದ್ದ. ಅಲ್ಲೊಂದು ಪದ್ಧತಿಯಿತ್ತು. ಅಂಗಡಿಯಿಂದ ಹೊರಡುವ ಪ್ರತಿ ಗಾಜಿಗೂ ಒಂದು ಚೀಟಿ. ಅದರಲ್ಲಿ ಉದ್ದ, ಅಗಲ, ದಪ್ಪ, ಹೊತ್ತೊಯ್ಯುವವನ ಹೆಸರು. ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿಡಬೇಕು. ಗಾಜು ಕಿಟಕಿಯಲ್ಲಿ ಕೂತು ಹಣ ಬಂದ ಮೇಲೆ ಅದು ಡಬ್ಬಿಗೆ ಹೋಗುತ್ತದೆ. ಮೊದಲ ಸಲ ಗಾಜಣ್ಣನ ಕೈಯಿಂದ ಗಾಜು ಜಾರಿದಾಗ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಆಳೆತ್ತರದ ಗಾಜು ರಸ್ತೆಯ ತಿರುವಿನಲ್ಲಿ ಪುಡಿಪುಡಿಯಾಯಿತು. ಇವತ್ತು ಚರ್ಮ ಸುಲಿಯುತ್ತಾರೆ ಎಂದುಕೊಂಡು ಬರಿಗೈಯಲ್ಲಿ ಬಂದು ನಿಂತ. ಯಜಮಾನರು ಕುರ್ಚಿಯಿಂದ ಏಳಲೂ ಇಲ್ಲ. ಮೊಳೆಯಿಂದ ಅವನ ಚೀಟಿ ಕಿತ್ತು, ಅವನ ಕಣ್ಣೆದುರೇ ಎರಡು ತುಂಡು ಮಾಡಿ, "ಒಡೆದದ್ದು ಒಡೀತು, ಇನ್ನೊಂದು ಕೊಯ್ಯಿ," ಅಂದರು. ಅಷ್ಟೇ. ಬೈಗುಳವಿಲ್ಲ, ಸಂಬಳಕ್ಕೆ ಕತ್ತರಿಯಿಲ್ಲ.

ಅಲ್ಲಿದ್ದಷ್ಟು ಕಾಲದಲ್ಲಿ ಅವನು ಒಡೆದದ್ದು ಹನ್ನೊಂದು ಗಾಜು, ಯಜಮಾನರು ಹರಿದದ್ದು ಹನ್ನೊಂದು ಚೀಟಿ. ವಸ್ತು ಹೋದರೆ ಅದರ ಚೀಟಿಯೂ ಹೋಗುತ್ತದೆ, ಇದು ಗಾಜಿನವರ ನಿಯಮ ಎಂದು ಅವನ ತಲೆಯಲ್ಲಿ ಅಚ್ಚೊತ್ತಿಬಿಟ್ಟಿತು. ಸ್ವಂತ ಕೆಲಸ ಶುರು ಮಾಡಿದ ಮೇಲೂ ಅವನು ನಿಯಮ ಬಿಡಲಿಲ್ಲ. ತಾನು ಕೂರಿಸಿದ ಗಾಜು ಅಂಚಿಗೆ ಮೆತ್ತಿದ ಪುಟ್ಟಿ ಒಣಗುವ ಮುಂಚೆ ಒಡೆದರೆ, ಮನೆಯವರ ಮಕ್ಕಳೇ ಚೆಂಡು ಹೊಡೆದಿದ್ದರೂ, ಎರಡನೆಯದನ್ನು ಪುಕ್ಕಟೆ ಹಾಕಿಕೊಡುತ್ತಿದ್ದ. ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. "ನಿಯಮ ಅಂದ್ರೆ ನಿಯಮ ಕಣೇ," ಅನ್ನುತ್ತಿದ್ದ ಗಾಜಣ್ಣ.

ಗಾಡಿ ಬಂದದ್ದು ಎರಡು ವರ್ಷದ ಹಿಂದೆ. ಬಿಳಿಯ ಸಣ್ಣ ವ್ಯಾನು, ಅರವತ್ತು ಕಂತಿನ ಸಾಲ. ಹಿಂದುಗಡೆ ಅವನೇ ಮರದ ಚೌಕಟ್ಟು ಕಟ್ಟಿ, ಹಳೆಯ ಕಂಬಳಿ ಹೊಡೆದು, ಗಾಜುಗಳು ಓರೆಯಾಗಿ ಒರಗಿ ಕೂರುವಂತೆ ಮಾಡಿಕೊಂಡಿದ್ದ. ಸಾಲಕ್ಕೆ ಜಾಮೀನು ಬೇಕಾಯಿತು. ಜಾಮೀನಿಗೆ ಅಕ್ಕನನ್ನು ಬಿಟ್ಟರೆ ಇನ್ನಾರು? ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಮದುವೆ ಎಂಬ ಮಾತು ಬಂದಾಗಲೆಲ್ಲ ಆಮೇಲೆ ನೋಡೋಣ ಎಂದವಳು. ಆ ಆಮೇಲೆ ಬರಲೇ ಇಲ್ಲ. ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸ ಅವಳದು.

ಸಾಲದ ಆಫೀಸಿನ ಕೌಂಟರಿನಲ್ಲಿದ್ದ ಹೆಂಗಸು ಕಾಗದ ಮುಂದೆ ತಳ್ಳಿ, "ಅವರು ಕಟ್ಟದೇ ಇದ್ರೆ ನೀವು ಕಟ್ಟಬೇಕಾಗುತ್ತೆ. ನಿಮ್ಮ ಸಂಬಳಕ್ಕೇ ಕೈ ಹಾಕ್ತಾರೆ. ಗೊತ್ತಲ್ವಾ?" ಎಂದು ಕೇಳಿದಳು.

"ಗೊತ್ತು. ಸೈನ್ ಎಲ್ಲಿ ಹಾಕ್ಲಿ, ತೋರಿಸಿ," ಎಂದಳು ಅಕ್ಕ.

ಗಾಜಣ್ಣನಿಗೆ ಈ ಮಾತು ಕೇಳಿಸಲಿಲ್ಲ. ಅವನು ಆಫೀಸಿನ ಕಿಟಕಿಯ ಪುಟ್ಟಿಯನ್ನು ಉಗುರಿನಿಂದ ಕೆರೆದು, ಯಾವ ಕತ್ತೆ ಮಾಡಿದ ಕೆಲಸವಪ್ಪಾ ಇದು ಎಂದು ಮೂಗು ಮುರಿಯುತ್ತಿದ್ದ.

ಇಪ್ಪತ್ತೆರಡು ಕಂತು ತಪ್ಪದೆ ಕಟ್ಟಿದ. ಇಪ್ಪತ್ತಮೂರನೆಯದಕ್ಕೆ ಮುಂಚೆ ಗ್ರಹಚಾರ ಕೆಟ್ಟಿತು. ಕಟ್ಟುತ್ತಿದ್ದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವನು ಕಿಟಕಿಗಳ ಅಳತೆ ತೆಗೆದುಕೊಳ್ಳುತ್ತಿದ್ದಾಗ ಕೆಳಗೆ ಭಾರಿ ಸದ್ದಾಯಿತು. ಇಟ್ಟಿಗೆ ಪೇರಿಸಿದ್ದ ಅಟ್ಟಣಿಗೆ ಕುಸಿದು ವ್ಯಾನಿನ ಮೇಲೆ ಬಿದ್ದಿತ್ತು. ಅವನು ಇಳಿದು ಬರುವಷ್ಟರಲ್ಲಿ ವ್ಯಾನಿನ ಚಾವಣಿ ಸೀಟಿಗೆ ಬಂದು ಕೂತಿತ್ತು. ಆ ಸೀಟಿನಲ್ಲಿ ತಾನಿರಲಿಲ್ಲವಲ್ಲ ಎಂದು ಸಮಾಧಾನಪಡಬೇಕೋ, ಗಾಡಿ ಹೋಯಿತಲ್ಲ ಎಂದು ಅಳಬೇಕೋ ತಿಳಿಯದೆ ಗಾಜಣ್ಣ ಕೈಯಲ್ಲಿದ್ದ ಅಳತೆ ಟೇಪನ್ನು ಎಳೆಯುತ್ತ ಬಿಡುತ್ತ ನಿಂತ. ಗುತ್ತಿಗೆದಾರ ಬಂದವನೇ, "ಇಲ್ಲಿ ನಿಲ್ಲಿಸೋಕೆ ನಿಂಗೆ ಯಾರು ಹೇಳಿದ್ದು?" ಎಂದು ಇವನನ್ನೇ ಗದರಿಸಿದ. ಎಂಥ ಜನ!

ವಿಮೆ ಇದೆಯಲ್ಲ ಎಂದುಕೊಂಡು ಕಾಗದಗಳ ಕಟ್ಟು ಬಿಚ್ಚಿದರೆ ಅದೂ ಇರಲಿಲ್ಲ. ಸಾಲ ಕೊಟ್ಟವರು ಮೊದಲ ವರ್ಷದ ವಿಮೆ ಸೇರಿಸಿ ಕೊಟ್ಟಿದ್ದರು. ಐದು ವರ್ಷಕ್ಕೂ ಸೇರಿಸಿದ್ದಾರೆ ಎಂದು ಇವನು ತಿಳಿದಿದ್ದ. ಹಾಗೆ ತಿಳಿಯಬಾರದು ಎಂದು ಕಾಗದದಲ್ಲಿ ಬರೆದೇ ಇತ್ತು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ.

ವ್ಯಾನನ್ನು ಎಳೆಸಿಕೊಂಡು ಗ್ಯಾರೇಜಿಗೆ ಹಾಕಿದ. ಗ್ಯಾರೇಜಿನ ಮೇಸ್ತ್ರಿ ಅದರ ಸುತ್ತ ಎರಡು ಸುತ್ತು ಬಂದು, ಬಗ್ಗಿ ನೋಡಿ, ಕೈ ಒರೆಸಿಕೊಂಡು ಹೇಳಿದ. "ಇಂಜಿನ್ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಣ್ಣ. ಮೇಲಿನದೆಲ್ಲ ಹೋಗಿದೆ. ಇದನ್ನ ರಿಪೇರಿ ಮಾಡೋ ದುಡ್ಡಲ್ಲಿ ಇಂಥದ್ದೇ ಇನ್ನೊಂದು ಬರುತ್ತೆ."

"ಅಂದ್ರೆ ಸತ್ತಿದೆ ಅಂತಲೋ, ಬದುಕಿದೆ ಅಂತಲೋ?"

"ಎರಡೂ ಅಂತ ಇಟ್ಕೊಳ್ಳಿ."

ಇದ್ಯಾವ ಉತ್ತರ! ಗಾಜಣ್ಣ ತಲೆ ಕೆರೆದುಕೊಂಡು, ಸದ್ಯಕ್ಕೆ ಗ್ಯಾರೇಜಿನ ಹಿತ್ತಿಲಲ್ಲೇ ಇರಲಿ ಎಂದು ಬಿಟ್ಟು ಬಂದ. ತಿಂಗಳೊಳಗೆ ಅದರ ಕಂಬಳಿಯ ಮೇಲೆ ಒಂದು ಬೆಕ್ಕು ಮರಿ ಹಾಕಿತು.

ಕಂತಿನ ದಿನ ಬಂದಾಗ ಸಾಲದ ಆಫೀಸಿಗೆ ಹೋದ. ಅದೇ ಕೌಂಟರು, ಅದೇ ಹೆಂಗಸು.

"ಸಾಲ ಯಾವುದರ ಮೇಲೆ ಕೊಟ್ಟಿದ್ದೀರಿ ಮೇಡಂ?"

"ಗಾಡಿ ಮೇಲೆ."

"ಗಾಡಿ ಇಲ್ಲವಲ್ಲ."

"ಕಳುವಾಯ್ತಾ?"

"ಇಲ್ಲ, ಗ್ಯಾರೇಜಲ್ಲಿದೆ."

"ಮತ್ತೆ ಇದೆಯಲ್ಲ!"

"ಇದೆ. ಆದ್ರೆ ಈಗ ಅದು ಗಾಡಿ ಅಲ್ಲ."

ಆಕೆ ಪೆನ್ನು ಕೆಳಗಿಟ್ಟಳು. "ನೋಡಿ, ಬೇಕಾದ್ರೆ ಗಾಡೀನ ನಮಗೆ ಒಪ್ಪಿಸಿ. ನಾವು ಹರಾಜು ಹಾಕ್ತೀವಿ. ಬಂದಿದ್ದು ಕಳೆದು ಮಿಕ್ಕಿದ್ದು ನೀವು ಕಟ್ಟೋದು."

"ಗಾಡೀನೂ ಕೊಟ್ಟು ದುಡ್ಡೂ ಕೊಡಬೇಕಾ?"

"ಹೌದು."

"ಗಾಡಿ ಕೊಡದೇ ಇದ್ರೆ?"

"ಆಗ್ಲೂ ದುಡ್ಡು ಕೊಡಬೇಕು."

"ಹಾಗಾದ್ರೆ ಕೊಡೋದಕ್ಕೂ ಕೊಡದೇ ಇರೋದಕ್ಕೂ ಏನು ವ್ಯತ್ಯಾಸ?"

ಆಕೆ ನಿಜವಾಗಿಯೂ ಯೋಚಿಸಿದಳು. "ಕೊಟ್ರೆ ಒಂದು ಫಾರಂ ಜಾಸ್ತಿ ತುಂಬಬೇಕು," ಎಂದಳು.

ಅವಳು ತಮಾಷೆ ಮಾಡಿದಳೋ ನಿಜ ಹೇಳಿದಳೋ ಗಾಜಣ್ಣನಿಗೆ ತಿಳಿಯಲಿಲ್ಲ. ಕಂತಿಗೆಂದು ತಂದಿದ್ದ ಹಣವನ್ನು ಕಿಸೆಯಲ್ಲೇ ಇಟ್ಟುಕೊಂಡು ಹೊರಗೆ ಬಂದ. ದಾರಿಯುದ್ದಕ್ಕೂ ಯೋಚಿಸಿದ. ಗಾಡಿ ಎಂಬುದು ಗಾಜು, ಸಾಲ ಎಂಬುದು ಅದರ ಚೀಟಿ. ಗಾಜು ದಾರಿಯಲ್ಲಿ ಒಡೆಯಿತು. ತಾನೇನು ಬೇಕೆಂದು ಒಡೆಯಲಿಲ್ಲ. ಹಾಗಿದ್ದ ಮೇಲೆ ಚೀಟಿ ಹರಿಯಬೇಕಾದದ್ದು ಅವರ ಕೆಲಸ. ಕೌಂಟರಿನಲ್ಲಿ ಕೂತವಳಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಮೇಲಿನವರಿಗೆ ಗೊತ್ತಿರುತ್ತದೆ. ಆ ಹಣದಲ್ಲಿ ಒಂದು ಹಳೆಯ ತಳ್ಳುಗಾಡಿ ಕೊಂಡು, ಸಣ್ಣ ಸಣ್ಣ ಗಾಜುಗಳನ್ನು ತಳ್ಳಿಕೊಂಡು ಹೋಗಿ ಕೆಲಸ ಶುರು ಮಾಡಿದ.

ಮೊದಲೆರಡು ತಿಂಗಳು ಫೋನುಗಳು ಬಂದವು. ಒಬ್ಬ ಸಾರ್ ಎಂದು ಕರೆದ, ಇನ್ನೊಬ್ಬ ಏಯ್ ಎಂದು ಕರೆದ. ಒಂದು ಕಾಗದ ಬಂತು, ಅದರಲ್ಲಿ ಅವನನ್ನು 'ಸುಸ್ತಿದಾರ' ಎಂದು ಬರೆದಿತ್ತು. ಹೆಂಡತಿ ಓದಿ ಹೌಹಾರಿದಳು.

"ಅಲ್ಲ, ಜಾಮೀನಿಗೆ ಅತ್ತಿಗೆ ಸೈನ್ ಹಾಕಿದ್ದಾರಲ್ರೀ. ನಾಳೆ ಅವರ ತಲೆಗೆ ಬಂದ್ರೆ?"

ಗಂಡನ ಅಕ್ಕನನ್ನು ಅವಳು ಅತ್ತಿಗೆ ಎನ್ನುತ್ತಿದ್ದಳು, ಆದರೆ ಗೌರವ ಅತ್ತೆಗೆ ಕೊಡುವಷ್ಟು.

"ಅಕ್ಕನ ತಲೆಗೆ ಯಾಕೆ ಬರುತ್ತೆ? ಚೀಟಿನೇ ಇಲ್ಲ ಅಂದ್ಮೇಲೆ ಜಾಮೀನು ಎಲ್ಲಿಂದ ಬಂತು?" ಎಂದ ಗಾಜಣ್ಣ. ಆದರೂ ಆ ಮಾತು ಅವನನ್ನು ಬಿಡಲಿಲ್ಲ. ಬೇರೆ ಏನಾದರೂ ಆಗಲಿ, ಅಕ್ಕನಿಗೆ ಮಾತ್ರ ತೊಂದರೆ ತಟ್ಟಬಾರದು. ಜೀವಮಾನದಲ್ಲಿ ಅವಳಿಗೊಂದು ಸೀರೆ ಬಿಟ್ಟರೆ ಏನೂ ಕೊಟ್ಟವನಲ್ಲ. ತೊಂದರೆಯನ್ನಾದರೂ ಕೊಡದಿದ್ದರೆ ಸಾಕು ಎಂದು ಅವನ ಮನಸ್ಸು ಹೊಯ್ದಾಡಿತು.

ಮೂರನೆಯ ತಿಂಗಳು ಫೋನು ನಿಂತಿತು. ಕಾಗದವೂ ನಿಂತಿತು. ನಾಲ್ಕನೆಯ ತಿಂಗಳೂ ಸದ್ದಿಲ್ಲ. ಗಾಜಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನೋಡಿದ್ಯಾ? ಮೇಲಿನವರಿಗೆ ಅರ್ಥ ಆಯ್ತು. ಚೀಟಿ ಹರಿದ್ರು," ಎಂದು ಗ್ಯಾರೇಜಿನ ಮೇಸ್ತ್ರಿಯ ಮುಂದೆ ಭಾಷಣ ಬಿಗಿದ. ಮೇಸ್ತ್ರಿ ಬೆಕ್ಕಿನ ಮರಿಗೆ ಹಾಲು ಹಾಕುತ್ತ, "ಇರಬಹುದಣ್ಣ, ನಂಗೇನು ಗೊತ್ತು," ಎಂದ.

ಆ ದಿನಗಳಲ್ಲೇ ಅಕ್ಕನ ಕನ್ನಡಕದ ಎಡಗಡೆಯ ಗಾಜು ಬಿರುಕು ಬಿಟ್ಟಿದ್ದನ್ನು ಅವನು ನೋಡಿದ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕ. "ಊರಿಗೆಲ್ಲ ಗಾಜು ಹಾಕೋನ ಅಕ್ಕನ ಕನ್ನಡಕ ನೋಡು! ಗುಂಡಿ ಹೊಲಿಯೋವಾಗ ಒಂದಕ್ಕೆ ಎರಡು ಕಾಣ್ಸುತ್ತಾ?"

"ಬಲಗಡೆ ಚೆನ್ನಾಗಿದೆಯಲ್ಲ, ಸಾಕು ಬಿಡು," ಎಂದಳು ಅಕ್ಕ.

ಬಸ್ಸು ಬಿಟ್ಟು ಅವಳು ಕಾರ್ಖಾನೆಗೆ ನಡೆದೇ ಹೋಗುತ್ತಿದ್ದುದನ್ನೂ ನೋಡಿದ. ಕೇಳಿದರೆ, ಮಂಡಿ ಹಿಡಿದುಕೊಳ್ಳುತ್ತದೆ, ನಡೆದರೆ ಒಳ್ಳೆಯದು ಎಂದಳು. ಮಂಡಿ ನೋವಿದ್ದವರು ನಡೆಯುವುದು ಕಡಿಮೆ ಮಾಡುತ್ತಾರೋ ಹೆಚ್ಚು ಮಾಡುತ್ತಾರೋ ಎಂದು ಅವನಿಗೆ ಗೊಂದಲವಾಯಿತು. ಆದರೆ ಆ ಸಮಯದಲ್ಲಿ ಅವನಿಗೆ ಎಲ್ಲದರಲ್ಲೂ ಗೊಂದಲವೇ ಇದ್ದುದರಿಂದ ಇದೊಂದನ್ನು ಹಿಡಿದು ಜಗ್ಗಲು ಹೋಗಲಿಲ್ಲ.

ಹೆಂಡತಿ ಬಿಡಬೇಕಲ್ಲ. "ಹರಿದಿದ್ರೆ ಹರಿದಿದ್ದೀವಿ ಅಂತ ಒಂದು ಕಾಗದ ಇಸ್ಕೊಂಡು ಬನ್ನಿ. ಆಮೇಲೆ ನೆಮ್ಮದಿಯಾಗಿ ಮಲಗೋಣ," ಎಂದು ದಿನಾ ಬೆನ್ನು ಹತ್ತಿದಳು. ಐದನೆಯ ತಿಂಗಳು ಕಳೆದ ಮೇಲೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಾಜಣ್ಣ ಮತ್ತೆ ಆ ಕೌಂಟರಿಗೆ ಹೋದ.

"ಸಾಲ ಮುಗೀತು ಅಂತ ಒಂದು ಕಾಗದ ಬೇಕಿತ್ತು ಮೇಡಂ."

ಆಕೆ ಕಂಪ್ಯೂಟರಿನಲ್ಲಿ ಹುಡುಕಿದಳು. "ಮುಗಿದಿಲ್ವಲ್ಲ. ಮೂವತ್ತಮೂರು ಕಂತು ಇದೆ. ಹಿಂದಿನ ಬಾಕಿ ಏನೂ ಇಲ್ಲ, ಎಲ್ಲ ಸರಿಯಾಗಿ ಕಟ್ಟಿದ್ದೀರಿ."

"ನಾನು ಕಟ್ಟಿಲ್ಲ."

"ಕಟ್ಟಿದ್ದೀರಿ. ಇಪ್ಪತ್ತೇಳು ಕಂತು."

"ಇಪ್ಪತ್ತೆರಡು ಮೇಡಂ. ಆಮೇಲೆ ನಾನು ಬಿಡಿಗಾಸೂ ಕಟ್ಟಿಲ್ಲ. ಸರಿಯಾಗಿ ನೋಡಿ." ಗಾಜಣ್ಣ ಗಾಬರಿಯಾದ. ಯಾವನೋ ಬಡಪಾಯಿಯ ದುಡ್ಡು ಲೆಕ್ಕ ತಪ್ಪಿ ತನ್ನ ಹೆಸರಿಗೆ ಬಿದ್ದಿದೆ. ಆ ಬಡಪಾಯಿಯ ಮನೆಗೆ ಈಗ ಫೋನು ಬರುತ್ತಿರಬೇಕು, ಅವನನ್ನು ಏಯ್ ಎಂದು ಕರೆಯುತ್ತಿರಬೇಕು. "ಬೇರೆಯವರದ್ದು ಇದು. ತಪ್ಪಾಗಿದೆ. ದಯವಿಟ್ಟು ಅವರಿಗೆ ವಾಪಸ್ ಕೊಡಿ, ಪಾಪ ಯಾರೋ ಏನೋ!"

ಹಿಂದೆ ಸಾಲಿನಲ್ಲಿ ನಿಂತವರು ಕಣ್ಣು ಕಣ್ಣು ಬಿಟ್ಟರು. ಕಟ್ಟಿಲ್ಲವೆಂದು ಆಫೀಸಿನವರು, ಕಟ್ಟಿದ್ದೇನೆಂದು ಸಾಲಗಾರ ವಾದಿಸುವುದನ್ನು ಅವರು ನೋಡಿದ್ದರು. ಈ ತಲೆಕೆಳಗಾದ ಜಗಳವನ್ನು ನೋಡಿರಲಿಲ್ಲ. ಆಕೆ ಕಪಾಟಿನಿಂದ ಒಂದು ಫೈಲು ತೆಗೆದು, ರಸೀದಿಗಳ ಕಡೆ ತಿರುಗಿಸಿ ಅವನ ಮುಂದಿಟ್ಟಳು.

"ಜಾಮೀನುದಾರರು ಬಂದು ಕಟ್ಟಿದ್ದಾರೆ. ಮೂರನೇ ತಿಂಗಳಲ್ಲಿ ಬಂದು ಹಿಂದಿನದೂ ಸೇರಿಸಿ ಕಟ್ಟಿದ್ರು. ಇನ್ನು ಮೇಲೆ ನಿಮಗೆ ಫೋನ್ ಮಾಡಬೇಡಿ, ಏನಿದ್ರೂ ನನಗೇ ಮಾಡಿ ಅಂತ ಬರೆದುಕೊಟ್ಟು ಹೋಗಿದ್ದಾರೆ. ನೋಡಿ, ಸೈನು."

ಸೈನು ಅಕ್ಕನದೇ. ಕೊನೆಯ ಅಕ್ಷರವನ್ನು ಅವಳು ಗುಂಡಿಯ ಹಾಗೆ ದುಂಡಗೆ ಸುತ್ತಿಬಿಡುತ್ತಾಳೆ. ಮೂರು ರಸೀದಿ, ಮೂರು ಗುಂಡಿ. ಕನ್ನಡಕ ನೆನಪಾಯಿತು, ಬಸ್ಸು ನೆನಪಾಯಿತು, ತಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಅಲ್ಲಿಂದ ಅವನು ನೇರವಾಗಿ ಅಕ್ಕನ ಬಳಿಗೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ. ಕಾಲು ಹಳೆಯ ಯಜಮಾನರ ಅಂಗಡಿಯ ಕಡೆಗೆ ಎಳೆಯಿತು. ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಿದ್ದ. ಯಜಮಾನರು ಒಳಕೋಣೆಯಲ್ಲಿ ಕಾಲು ಚಾಚಿ ಕೂತು ರೇಡಿಯೋ ಕೇಳುತ್ತಿದ್ದರು.

"ಯಜಮಾನರೇ, ಒಂದು ಮಾತು. ಗಾಜು ಒಡೆದ್ರೆ ಚೀಟಿ ಹರಿಯೋದು ನಮ್ಮ ನಿಯಮ ತಾನೆ?"

"ಯಾವ ನಿಯಮ?"

"ಅದೇ, ನಾನು ಒಡೆದಾಗೆಲ್ಲ ಹರೀತಿದ್ರಲ್ಲ. ಹನ್ನೊಂದು ಸಲ."

ಯಜಮಾನರು ರೇಡಿಯೋ ಆರಿಸಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇಷ್ಟು ವರ್ಷ ಆದ್ರೂ ಅವಳು ಹೇಳ್ಲಿಲ್ವಾ? ಅಯ್ಯೋ ಮಾರಾಯ! ಹಾಗೆ ಹರಿದುಕೊಂಡು ಕೂತಿದ್ರೆ ನಾನು ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗಬೇಕಿತ್ತು. ಬೇರೆಯವರು ಒಡೆದ್ರೆ ಸದ್ದಿಲ್ಲದೆ ಸಂಬಳದಲ್ಲಿ ಹಿಡೀತಿದ್ದೆ. ನೀನು ಒಡೆದಿದ್ದಕ್ಕೆಲ್ಲ ನಿಮ್ಮಕ್ಕ ಬಂದು ಕೊಟ್ಟು ಹೋಗ್ತಿದ್ದಳು. ಕೆಲಸಕ್ಕೆ ಸೇರಿಸೋ ದಿನಾನೇ ಮಾತಾಡಿಕೊಂಡಿದ್ದಳು."

ಗಾಜಣ್ಣ ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತ.

"ಅವನಿಗೆ ಹೇಳಬೇಡಿ ಅಂದಿದ್ದಳು," ಎಂದರು ಯಜಮಾನರು. "ಬೈದ್ರೆ ಕೈ ನಡುಗುತ್ತೆ, ನಡುಗೋ ಕೈಯಲ್ಲಿ ಗಾಜು ಕೊಯ್ಯೋಕಾಗಲ್ಲ, ಅವನೆದುರು ಚೀಟಿ ಹರಿದುಬಿಡಿ, ದುಡ್ಡು ನಾನು ಕೊಡ್ತೀನಿ ಅಂತ. ಅವಳ ಮಾತು ಸರೀನೇ ಇತ್ತು. ನಿನ್ನಷ್ಟು ನೇರವಾಗಿ ಕೊಯ್ಯೋನು ನನಗೆ ಆಮೇಲೆ ಸಿಗಲಿಲ್ಲ."

ಹೊರಗೆ ಯಾರೋ ಗಾಜು ಕೊಯ್ಯುವ ಕಿರ್ರೆನ್ನುವ ಸದ್ದು ಕೇಳುತ್ತಿತ್ತು. ಇಪ್ಪತ್ತೆಂಟು ವರ್ಷ ತಾನು ನಿಯಮ ನಿಯಮ ಎಂದು ತಲೆಯ ಮೇಲೆ ಹೊತ್ತು ಮೆರೆಸಿದ್ದು ನಿಯಮವೇ ಅಲ್ಲ, ಅಕ್ಕನ ದುಡಿಮೆ. ಇದನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಅವಳ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅಳು ಬಂದದ್ದು ಯಾವುದಕ್ಕೆಂದು ಗೊತ್ತಾಗಲಿಲ್ಲ.

ಸಂಜೆ ಅಂಗಿ ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಿದ್ದ. ಹೆಂಗಸರು ಗುಂಪು ಗುಂಪಾಗಿ ಹೊರಬಂದರು. ಅಕ್ಕ ಕೊನೆಯಲ್ಲಿ ಬಂದಳು. ಎಡಗಣ್ಣು ಸ್ವಲ್ಪ ಮುಚ್ಚಿಕೊಂಡು, ಬಲಗಡೆಯ ಗಾಜಿನಿಂದ ಗೇಟು ಎಲ್ಲಿದೆ ಎಂದು ನೋಡುತ್ತಿದ್ದಳು.

"ಏನೋ ಇಲ್ಲಿ? ಮನೇಲೆಲ್ಲ ಚೆನ್ನಾಗಿದ್ದಾರೆ ತಾನೆ?"

"ಆಫೀಸಿಗೆ ಹೋಗಿದ್ದೆ. ಆಮೇಲೆ ಯಜಮಾನರ ಹತ್ರ ಹೋಗಿದ್ದೆ."

ಅಕ್ಕ ಸೆರಗು ಸರಿಮಾಡಿಕೊಂಡಳು. "ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರೆ? ಒಂದು ಮಾತು ಹೇಳಬಾರದಿತ್ತಾ ಅಕ್ಕ? ನಾನು ಊರೆಲ್ಲ ಸಾಲ ಹೋಯ್ತು ಅಂತ ಡಂಗುರ ಹೊಡ್ಕೊಂಡು ಬಂದೆನಲ್ಲ!"

"ಕೇಳಿಸ್ತು. ಕಾರ್ಖಾನೇಲೂ ಮಾತಾಡ್ತಿದ್ರು." ಅವಳಿಗೆ ನಗು ಬಂತು. "ಹೇಳಿದ್ರೆ ನಿಂಗೆ ಕೈ ನಡುಗುತ್ತೆ ಕಣೋ. ತಳ್ಳುಗಾಡಿ ತುಂಬ ಗಾಜು ಇಟ್ಕೊಂಡು ರಸ್ತೇಲಿ ಹೋಗೋನು."

ಗಾಜಣ್ಣ ತನ್ನ ಕೈ ನೋಡಿಕೊಂಡ. ನಡುಗುತ್ತಿತ್ತು. ಬೆನ್ನ ಹಿಂದೆ ಕಟ್ಟಿಕೊಂಡ.

"ಗಾಡಿ ಒಪ್ಪಿಸಿಬಿಡ್ತೀನಿ. ಬಂದಷ್ಟು ಬರಲಿ. ಮಿಕ್ಕಿದ್ದು ನಾನೇ ಕಟ್ತೀನಿ. ನೀನಿನ್ನು ಆ ಕಡೆ ಕಾಲಿಡಬಾರದು."

"ಸರಿ."

"ನೀನು ಕೊಟ್ಟಿದ್ದೂ ಕೊಡ್ತೀನಿ."

"ಹನ್ನೊಂದು ಗಾಜಿಂದೂ ಸೇರಿಸಿಯೋ?" ಎಂದಳು ಅಕ್ಕ.

ಗಾಡಿ ಪುಡಿಯಾದ ಮೇಲೆ ಅದರ ಸಾಲ ಮಾತ್ರ ಹೇಗೆ ಇಡಿಯಾಗಿ ಉಳಿಯುತ್ತದೆ ಎಂಬುದು ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ; ಇವತ್ತಿಗೂ ಅರ್ಥವಾಗಿಲ್ಲ. ಕೈ ಚಾಚಿ ಅಕ್ಕನ ಮುಖದಿಂದ ಕನ್ನಡಕ ತೆಗೆದ. ಕನ್ನಡಕವಿಲ್ಲದೆ ಅವಳಿಗೆ ರಸ್ತೆಯೂ ಕಾಣಲಿಲ್ಲ, ತಮ್ಮನೂ ಕಾಣಲಿಲ್ಲ. "ಏಯ್, ಏನ್ ಮಾಡ್ತಿದ್ದೀಯೋ?" ಎಂದು ಗಾಳಿಯಲ್ಲಿ ಕೈಯಾಡಿಸಿದಳು. ಗಾಜಣ್ಣ ಅವಳ ಮೊಣಕೈ ಹಿಡಿದುಕೊಂಡು ರಸ್ತೆ ದಾಟಿಸಿ ಎದುರಿನ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ.

"ಸಾಲ ಗೀಲ ಮಾಡಿ ಕೊಡಿಸ್ಬೇಡ ಮಾರಾಯ," ಎಂದಳು ಅಕ್ಕ ಮೆಟ್ಟಿಲು ಹತ್ತುತ್ತ.

ಕನ್ನಡಕದವನು ಬಿರುಕು ಬಿಟ್ಟ ಗಾಜನ್ನು ದೀಪಕ್ಕೆ ಹಿಡಿದು ನೋಡಿ, ಅಳತೆ ಬರೆದುಕೊಳ್ಳಲು ಒಂದು ಚೀಟಿ ಎಳೆದುಕೊಂಡ. "ಒಳ್ಳೆ ಗಾಜು, ಹಾಳಾಗಿದೆ. ಯಾರು ಒಡೆದಿದ್ದು?" ಎಂದು ಸುಮ್ಮನೆ ಮಾತಿಗೆ ಕೇಳಿದ.

ಅಕ್ಕ ಬಾಯಿ ತೆರೆದಳು.

"ನಾನು," ಎಂದ ಗಾಜಣ್ಣ. "ಚೀಟಿ ನನ್ನ ಹೆಸರಿಗೆ ಬರೀರಿ."